ಅವಾಹಕದ ಕಾವಲು

ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹುಟ್ಟಿದ್ದು 1969ರಲ್ಲಿ. ಅದರ ಕಂಬಗಳ ಮೇಲಿನ ಪಿಂಗಾಣಿ ಬಟ್ಟಲುಗಳನ್ನು ಆ ಕಡೆಯ ಶ್ರೋತೃಗಳು ನೋಡಿಯೇ ಇರುತ್ತೀರಿ. ತಂತಿಯ ವಿದ್ಯುತ್ತು ಕಂಬಕ್ಕೆ ಇಳಿಯದಂತೆ ಅವು ತಡೆಯುತ್ತವೆ. ಒಯ್ಯುವುದು ವಾಹಕ, ಒಯ್ಯದ್ದು ಅವಾಹಕ. ಈ 'ಅ'ಕಾರವನ್ನು ನಂಬಿ, ಅವಾಹಕವೆಂದರೆ ಸುಮ್ಮನೆ ಕುಳಿತ ವಸ್ತುವೆಂದು ನಾನು ತರಗತಿಯಲ್ಲಿ ಹೇಳಿದ್ದುಂಟು. ಅದು ಅರ್ಧ ನಿಜ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ನೆಲದಡಿಯ ಯಂತ್ರದೊಳಗೆ ಪ್ರೋಟಾನುಗಳು ಡಿಕ್ಕಿಯಾದಾಗ ಸಿಡಿಯುವ ಕಣಗಳನ್ನು ಸಿಲಿಕಾನ್ ಬಿಲ್ಲೆಗಳು ಗುರುತಿಸುತ್ತವೆ. ಅಲ್ಲಿಯ ಸಿ.ಎಂ.ಎಸ್. ಶೋಧಕಕ್ಕೆ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಭಾಭಾ ಪರಮಾಣು ಸಂಶೋಧನ ಕೇಂದ್ರದೊಡನೆ ಕೂಡಿ ಇಂಥ ಬಿಲ್ಲೆಗಳನ್ನು ಮಾಡಿಕೊಟ್ಟಿತು. ಒಂದೊಂದೂ 63 ಮಿಲಿಮೀಟರ್ ಚೌಕ. ಅದರಲ್ಲಿ 32 ಪಟ್ಟಿಗಳು. ಕಣವು ಯಾವ ಪಟ್ಟಿಯನ್ನು ಹಾಯ್ದಿತೋ ಅದೊಂದೇ ಸಂಕೇತ ಕೊಡಬೇಕು.

ಘಟಪ್ರಭೆಯ ಕಾಲುವೆ ನೀರುಣ್ಣುವ ಮೂಡಲಗಿಯ ಹೊಲಗಳನ್ನು ನೆನೆಯಿರಿ. ಬದು ಒಣಗಿ ಗಟ್ಟಿಯಾಗಿರುವವರೆಗೆ ಒಬ್ಬನ ನೀರು ಅವನ ಹೊಲದಲ್ಲೇ ನಿಲ್ಲುತ್ತದೆ. ಬದುವಿನ ಬುಡ ತೊಯ್ದರೆ ನೀರು ಕಣ್ಣಿಗೆ ಕಾಣದೆ ಪಕ್ಕದವನ ಕಬ್ಬಿಗೆ ಸೇರುತ್ತದೆ, ಆಮೇಲೆ ಜಗಳ.

ಬಿಲ್ಲೆಯ ಪಟ್ಟಿಗಳ ನಡುವಿನ ಮೇಲ್ಮೈಗೆ ಸಿಲಿಕಾನಿನದೇ ಆಕ್ಸೈಡಿನ ತೆಳು ಹೊದಿಕೆಯಿರುತ್ತದೆ. ವಿಕಿರಣ ಬಿದ್ದಾಗ ಅದರಲ್ಲಿ ಎಲೆಕ್ಟ್ರಾನುಗಳೂ ಅವು ಬಿಟ್ಟ ಧನಾಂಶದ ತೆರವುಗಳೂ ಹುಟ್ಟುತ್ತವೆ. ಎಲೆಕ್ಟ್ರಾನುಗಳು ಬೇಗ ಹೊರಬೀಳುತ್ತವೆ. ತೆರವುಗಳಲ್ಲಿ ಹಲವು ಸಿಲಿಕಾನಿನ ಅಂಚಿನಲ್ಲಿ ಸಿಕ್ಕಿಬೀಳುತ್ತವೆ. ಹೀಗೆ ಶೇಖರವಾದ ಧನಾಂಶವು ಕೆಳಗಿನ ಸಿಲಿಕಾನಿನ ಎಲೆಕ್ಟ್ರಾನುಗಳನ್ನು ಮೇಲಕ್ಕೆ ಸೆಳೆಯುತ್ತದೆ. ಹೆಚ್ಚು ವಿಕಿರಣ ತಾಳಲೆಂದು ಈಗ ಆರಿಸುವ ಪಿ-ಬಗೆಯ ಬಿಲ್ಲೆಗಳಲ್ಲಿ ಇದೇ ಪಟ್ಟಿಯಿಂದ ಪಟ್ಟಿಗೆ ಹಾದಿಯಾಗುತ್ತದೆ. ಹೊದಿಕೆ ತಾನು ವಿದ್ಯುತ್ತನ್ನು ಒಯ್ಯಲಿಲ್ಲ, ಆದರೆ ಕೆಳಗೆ ಒಯ್ಯುವವರನ್ನು ಕೂಡಿಸಿತು. ಕಾವಲುಗಾರನೇ ಬಾಗಿಲು ತೆರೆದಂತಾಯಿತು.

ಪಟ್ಟಿಗಳ ನಡುವೆ ಬೋರಾನ್ ಸೇರಿಸಿ ಹಾದಿಯನ್ನು ಕಡಿಯುವುದು ರೂಢಿಯ ಉಪಾಯ. ಇನ್ನೊಂದು ಹೊದಿಕೆಯನ್ನೇ ಬದಲಿಸುವುದು. ನನಗೆ ಹೆಚ್ಚು ಹಿಡಿಸಿದ್ದು ಇದು. ಬಾಕ್ಸೈಟಿನಿಂದ ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ತಯಾರಾಗುವ ಬಿಳಿ ಪುಡಿ ಅಲ್ಯೂಮಿನಾವನ್ನು ಬಲ್ಲಿರಿ. ಆ ಪುಡಿಯನ್ನೇ ಬಿಲ್ಲೆಗೆ ಬಳಿಯುವುದಿಲ್ಲ. ಅಲ್ಯೂಮಿನಿಯಮ್ಮಿನ ಸಂಯುಕ್ತದ ಆವಿಯನ್ನೂ ನೀರಾವಿಯನ್ನೂ ಒಂದಾದ ಮೇಲೊಂದು ಹಾಯಿಸಿದರೆ ಅದೇ ವಸ್ತು ಸಿಲಿಕಾನಿನ ಮೇಲೆ ಪದರವಾಗಿ ಕೂರುತ್ತದೆ. ಒಂದು ಸುತ್ತಿಗೆ ಬೆಳೆಯುವ ದಪ್ಪ ಮಿಲಿಮೀಟರಿನ ಸುಮಾರು ಕೋಟಿಯಲ್ಲೊಂದು ಪಾಲು! ಈ ಪದರದಲ್ಲಿ ಸಹಜವಾಗಿ ಋಣಾಂಶ ನೆಲೆಸುವುದರಿಂದ ಅದು ಎಲೆಕ್ಟ್ರಾನುಗಳನ್ನು ಸೆಳೆಯುವ ಬದಲು ದೂಡುತ್ತದೆ, ಹಾದಿ ಮೂಡದು.

ಆದರೆ ಈ ಪದರದ ಮೇಲೂ ವಿಕಿರಣ ಬೀಳದೆ ಬಿಡದು. ಅದರ ಋಣಾಂಶ ಎಷ್ಟು ಉಳಿದೀತೆಂಬುದನ್ನು ಮಾದರಿ ಬಿಲ್ಲೆಗಳಿಗೆ ಗಾಮಾ ಕಿರಣ ತಾಗಿಸಿ ಅಳೆಯಬೇಕು. ಕಂಬದ ಬಟ್ಟಲು ಒಡೆದರೆ ಲೈನ್‌ಮನ್ ಏಣಿ ಹಾಕಿ ಬದಲಿಸಿಯಾನು. ಯಂತ್ರದ ನಡುಗರ್ಭದಲ್ಲಿ ಕೂತ ಬಿಲ್ಲೆಯ ಬಳಿಗೆ ಹಾಗೆ ಬೇಕೆಂದಾಗ ಹೋಗುವಂತಿಲ್ಲ.