ಚಿಗರಿಯ ಕಥೆಯಲ್ಲಿ ಚಿಗರಿ ಇರಲಿ



ಕಾಗಿನೆಲೆಯಲ್ಲಿ ನಿಂತು ಕಥೆಯ ಬಗ್ಗೆ ಮಾತಾಡುವವರಿಗೆ ಕನಕದಾಸರು ಮೊದಲೇ ದಾರಿ ಹಾಕಿಕೊಟ್ಟಿದ್ದಾರೆ. ‘ರಾಮಧಾನ್ಯಚರಿತ್ರೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಭತ್ತ ಸೊರಗಿತು, ರಾಗಿ ಕೆಡದೆ ಉಳಿಯಿತು. ಕಾಳು ಕೂಡಿಟ್ಟ ಯಾವ ರೈತನಿಗಾದರೂ ರಾಗಿಯ ಈ ಗುಣ ಗೊತ್ತು. ಕಾಳುಗಳು ಮಾತಾಡಿದರೂ ಕಥೆ ನಿಂತಿರುವುದು ಆ ನಿಜದ ಮೇಲೆ.

ನಮ್ಮ ಪ್ರಾಣಿಕಥೆಗಳು ಹಾಗೆ ನಿಂತಿವೆಯೇ? ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದು ರಾಜನೀತಿಯ ಗ್ರಂಥ. ಅಲ್ಲಿನ ನರಿ, ಸಿಂಹಗಳು ಬಾಲ ಹಚ್ಚಿಕೊಂಡ ಮಂತ್ರಿ, ಅರಸರು. ಅದರಲ್ಲಿ ತಪ್ಪೇನಿಲ್ಲ. ಆದರೆ ಇವತ್ತಿಗೂ ನಾವು ನರಿಯನ್ನು ಕುತಂತ್ರಿ, ಕತ್ತೆಯನ್ನು ದಡ್ಡ ಎಂದೇ ಬರೆಯುತ್ತಿದ್ದೇವಲ್ಲ! ಬೇರೆ ದಾರಿಯೂ ನಮ್ಮಲ್ಲಿದೆ. ಪುಣ್ಯಕೋಟಿಯ ಹಾಡಿನಲ್ಲಿ ಪ್ರಾಣಬಿಟ್ಟ ಹುಲಿಗಾಗಿಯೂ ಮಕ್ಕಳು ಕಣ್ಣೀರು ಹಾಕಿದ್ದಾರೆ. ಪಂಜೆಯವರು ತಮ್ಮ ಪದ್ಯದಲ್ಲಿ ನಾಗರಹಾವನ್ನು ಅಕ್ಕರೆಯಿಂದ ಮಾತಾಡಿಸಿದರು. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಕಿವಿ ಎಂಬ ನಾಯಿ ಕೊನೆಯವರೆಗೂ ನಾಯಿಯೇ, ಅದು ಯಾರಿಗೂ ಉಪದೇಶ ಮಾಡುವುದಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆದದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರ್. ಅಲ್ಲಿ ಚಿಗರಿ, ಅಂದರೆ ಕೃಷ್ಣಮೃಗ ಇದೆ, ತೋಳ ಇದೆ. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಒಂದು ಕಾಲಕ್ಕೆ ಇತ್ತು. ಆದರೂ ನಮ್ಮ ಮಕ್ಕಳ ಪುಸ್ತಕದ ತುಂಬ ಜಿರಾಫೆ! ಇನ್ನು ಪರಿಸರದ ಕಥೆ ಎಂದರೆ ಗಿಡ ನೆಡುವುದರಲ್ಲೇ ಮುಗಿಯುತ್ತದೆ. ಅಭಯಾರಣ್ಯದಲ್ಲಿ ನೀಲಗಿರಿಯನ್ನೂ ನೆಟ್ಟದ್ದೇ ತಾನೆ? ಚಿಗರಿಗೆ ಬೇಕಾದದ್ದು ಹುಲ್ಲು, ಓಡಲು ಬಯಲು. ಪ್ರಾಣಿ ಹೇಗೆ ಬದುಕುತ್ತದೆಂದು ತಿಳಿಯದ ಪ್ರೀತಿ ಅದಕ್ಕೇ ಎರವಾಗುತ್ತದೆ.

ಚಿಗರಿ ಈದ ಮೇಲೆ ಮರಿಯನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ದೂರ ಮೇಯುತ್ತಿರುತ್ತದೆ. ಆಗಾಗ ಬಂದು ಹಾಲೂಡಿಸಿ ಹೋಗುತ್ತದೆ. ಮರಿ ನೆಲಕ್ಕೆ ಅಂಟಿಕೊಂಡಂತೆ ಮಲಗಿರುತ್ತದೆ, ಮಿಸುಕುವುದಿಲ್ಲ. ಕುರಿ ಕಾಯುವ ಹುಡುಗನೊಬ್ಬ ಇದನ್ನು ಕಂಡು ‘ಅಯ್ಯೋ, ತಬ್ಬಲಿ’ ಎಂದು ಎತ್ತಿ ಮನೆಗೆ ತಂದರೆ ನಾವು ಬರೆಯುವ ಕಥೆಯಲ್ಲಿ ಅವನು ನಾಯಕ. ನಿಜದಲ್ಲಿ ಅವನು ತಾಯಿಯಿಂದ ಮರಿಯನ್ನು ಅಗಲಿಸಿದವನು. ಮುಟ್ಟದೆ ಹಿಂದೆ ಸರಿದ ಹುಡುಗನ ಕಥೆ ಬರೆಯುವುದು ಕಷ್ಟ, ಅಲ್ಲಿ ಸಾಹಸವಿಲ್ಲ. ನನಗೆ ಆ ಕಥೆ ಬೇಕು.

ಹಾಗೆಂದು ರೈತನನ್ನು ಖಳನಾಯಕ ಮಾಡಬೇಡಿ. ಗೋವಿನಜೋಳದ ಎಳೆಯ ಪೈರನ್ನು ರಾತ್ರಿ ಬೆಳಗಾಗುವುದರಲ್ಲಿ ಚಿಗರಿ ಮೇಯ್ದು ಹೋದರೆ ಅವನ ಸಂಕಟ ಸಣ್ಣದಲ್ಲ. ಹೊಲದಿಂದ ಬೈದುಕೊಳ್ಳುತ್ತ ಬರುವ ಅಪ್ಪನನ್ನು ಕಂಡ ಮಗು, ಚಿಗರಿ ಬರೀ ಮುದ್ದು ಎನ್ನುವ ಪುಸ್ತಕವನ್ನು ನಂಬುವುದಿಲ್ಲ. ಆ ಬೈಗುಳವೂ ಕಥೆಯೊಳಗೆ ಬರಲಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಮಕ್ಕಳೇ ತಾವು ಕಂಡ ಪ್ರಾಣಿಗಳ ಕಥೆ ಹೇಳಲಿದ್ದಾರೆ. ಮೈಕ್ ಅವರ ಎತ್ತರಕ್ಕೆ ಇಳಿಸಿಕೊಡಿ. ಕಥೆ ಮುಗಿದ ಮೇಲೆ ‘ಇದರ ನೀತಿ ಏನು ಹೇಳು’ ಎಂದು ಯಾವ ಮೇಷ್ಟ್ರೂ ಕೇಳಕೂಡದು. ಇಲ್ಲಿ ಅಧ್ಯಕ್ಷತೆ ವಹಿಸಿದ ನನಗೆ ಏನಾದರೂ ಅಧಿಕಾರ ಇದ್ದರೆ ಅದನ್ನು ಇದೊಂದಕ್ಕೆ ಬಳಸಿಕೊಂಡು ನನ್ನ ಮಾತು ಮುಗಿಸುತ್ತೇನೆ.