ಮನೆಯಲ್ಲಿ ಮಕ್ಕಳ ಕಾಗುಣಿತ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ಬೆಳೆಯುವ ನಮ್ಮ ಅನೇಕ ಮಕ್ಕಳಿಗೆ ಮನೆಯ ಮಾತು ತುಳು, ಬೀದಿಯ ಮಾತು ಹಿಂದಿ, ಶಾಲೆಯ ಬರಹ ಮರಾಠಿ. ಇವುಗಳ ನಡುವೆ ಮಗು ಕನ್ನಡ ಬರೆಯಲು ಕುಳಿತು 'ಕೆರೆ' ಎಂಬಲ್ಲಿ 'ಕೇರೆ' ಎಂದು ಬರೆಯುತ್ತದೆ. ಕೆರೆ ಹೋಗಿ ಹಾವಾಯಿತೆಂದು ನಾವು ನಗುತ್ತೇವೆ. ದಣಿದು ಬಂದ ದಿನ ಕಿವಿಯನ್ನೂ ಹಿಂಡುತ್ತೇವೆ.

ಆದರೆ ಆ ತಪ್ಪು ದಡ್ಡತನದ್ದಲ್ಲ. ಮರಾಠಿ ಬರಹದಲ್ಲಿ ಎ, ಏ ಎಂದು ಎರಡು ಅಕ್ಷರಗಳಿಲ್ಲ. ಒ, ಓ ಎಂದೂ ಇಲ್ಲ. ಎರಡಕ್ಕೂ ಒಂದೊಂದೇ ಗುರುತು. ಕನ್ನಡದಲ್ಲಾದರೋ 'ಕೊಡು' ಎಂದರೆ ನೀಡು, 'ಕೋಡು' ಎಂದರೆ ಕೊಂಬು. ಒತ್ತು ಬಿಟ್ಟರೆ 'ಹಳ್ಳಿ' ಹೋಗಿ ರೈಲಿನ 'ಹಳಿ'ಯಾಗುತ್ತದೆ. ಒತ್ತು ಹೆಚ್ಚಾದರೆ 'ಕತೆ' ಹೋಗಿ 'ಕತ್ತೆ'ಯಾಗುತ್ತದೆ. ಇಂಥ ಜೋಡಿಗಳನ್ನು ಎದುರೆದುರು ಬರೆದು, ಗಟ್ಟಿಯಾಗಿ ಓದಿಸಿ, ಅರ್ಥ ಕೇಳಿರಿ. ಕಿವಿ ಭೇದವನ್ನು ಹಿಡಿದರೆ ಕೈ ತಾನಾಗಿ ಹಿಡಿಯುತ್ತದೆ.

ತಪ್ಪಿದ ಮಾತನ್ನು ಐವತ್ತು ಸಲ ಬರೆ ಎನ್ನುವುದು ನಮ್ಮ ಹಳೆಯ ಪದ್ಧತಿ. ಅದರಲ್ಲಿ ಕೈ ಬರೆಯುತ್ತದೆ, ಮನಸ್ಸು ನಿದ್ರಿಸುತ್ತದೆ. ನಮ್ಮಲ್ಲಿ ಹೋಟೇಲಿನಲ್ಲಿ ದುಡಿದವರನ್ನು ಕೇಳುತ್ತೇನೆ: ತಿಂಡಿಗಳ ದರ ನಿಮಗೆ ಬಾಯಿಪಾಠವಾದದ್ದು ಹೇಗೆ? ಬೋರ್ಡನ್ನು ನೋಡುತ್ತ ನಿಂತದ್ದರಿಂದಲ್ಲ. ಗಿರಾಕಿ ಕೇಳಿದಾಗ, ಬೋರ್ಡು ನೋಡದೆ, ನೆನೆದು ನೆನೆದು ಹೇಳಿದ್ದರಿಂದ. ಮಗುವಿಗೂ ಅದೇ ದಾರಿ. ಮಾತನ್ನು ನೋಡಲಿ, ಗಟ್ಟಿಯಾಗಿ ಹೇಳಲಿ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲಿ, ಮತ್ತೆ ಪುಸ್ತಕ ತೆರೆದು ಅಕ್ಷರ ಅಕ್ಷರವಾಗಿ ತಾನೇ ತಾಳೆ ನೋಡಲಿ.

ಓದು ಬಾರದ ತಾಯಿ "ನನ್ನಿಂದೇನಾದೀತು?" ಎನ್ನಬಾರದು. ಅಮ್ಮ, ಪುಸ್ತಕವನ್ನು ಮುಚ್ಚಿ ಹಿಡಿಯುವವರು ನೀವು. ತಪ್ಪು ಹುಡುಕುವ ಕೆಲಸ ಮಗುವಿನದು. ತಾನೇ ಕಂಡುಕೊಂಡ ತಪ್ಪನ್ನು ಮಗು ಬೇಗ ಮರೆಯುವುದಿಲ್ಲ.

ದಿನಕ್ಕೆ ಐದು ಮಾತು ಸಾಕು. ಇಂದು ಬರೆದದ್ದನ್ನು ನಾಳೆ ಕೇಳಿರಿ, ಮೂರು ದಿನ ಬಿಟ್ಟು ಕೇಳಿರಿ, ವಾರದ ರಜೆಯ ದಿನ ಇನ್ನೊಮ್ಮೆ ಕೇಳಿರಿ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ನೆನಪನ್ನೇ ಪರೀಕ್ಷಿಸಿ 1885ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅರ್ಥವಿಲ್ಲದ 12 ಶಬ್ದಗಳನ್ನು ಒಂದೇ ಸಮನೆ 68 ಸಲ ಓದಿ ಪಡೆದ ಫಲವನ್ನು, ಮೂರು ದಿನಕ್ಕೆ ಹಂಚಿ 38 ಸಲ ಓದಿಯೇ ಪಡೆದರು. ಪಾಳಿ ಮುಗಿಸಿ ಬರುವ ನಮಗೆ ಇದು ಒಳ್ಳೆಯ ಸುದ್ದಿ. ದಿನಕ್ಕೆ ಒಂದು ಗಂಟೆ ಬೇಡ. ದಿನಾ ಹತ್ತು ನಿಮಿಷ ಸಾಕು.

ಊರಿನ ನುಡಿಯಲ್ಲಿ 'ಹಾಲು' ಎಂಬುದು 'ಆಲು' ಆಗುವುದುಂಟು. ಅದನ್ನು ಹಳಿಯಬೇಡಿ. ಆಡುವುದು ಹೀಗೆ, ಬರೆಯುವುದು ಹೀಗೆ ಎಂದು ತಿಳಿಸಿದರೆ ಸಾಕು. ಹತ್ತು ಮಾತಿನಲ್ಲಿ ಎರಡು ತಪ್ಪಿದರೆ, ಸರಿಯಾದ ಎಂಟನ್ನು ಮೊದಲು ಹೇಳಿರಿ.

ಬಂಧುಗಳೆ, ಕಾಗುಣಿತ ತಪ್ಪಿದರೆ ನಾಳೆ ತಿದ್ದಬಹುದು. ನಾಚಿಕೆಯಿಂದ ಮಗು ಕನ್ನಡ ಬರೆಯುವುದನ್ನೇ ಬಿಟ್ಟರೆ ತಿದ್ದಲು ಏನೂ ಉಳಿಯುವುದಿಲ್ಲ. ಆ ಮನೆಯ ಕನ್ನಡ ನಮ್ಮ ತಲೆಗೇ ಮುಗಿಯುತ್ತದೆ. ಈ ರಾತ್ರಿ ಮಗುವಿನಿಂದ ಊರಿನ ಅಜ್ಜಿಗೆ ನಾಲ್ಕು ಸಾಲು ಬರೆಯಿಸಿರಿ. ತಪ್ಪಿದ್ದರೂ ಕಳುಹಿಸಿರಿ. ಅಜ್ಜಿ ತಪ್ಪನ್ನು ಎಣಿಸುವುದಿಲ್ಲ.