ತರುಣರೂ ಹೊಗೆಸೊಪ್ಪೂ



ತಾಂಬೂಲವು ಈ ನಾಡಿನಲ್ಲಿ ಪುರಾತನವಾದುದು, ಹೊಗೆಸೊಪ್ಪು ಹಾಗಲ್ಲ. ಅದು ಅಮೆರಿಕಾ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳಲ್ಲಿ ಬಂದು, ಕ್ರಿ.ಶ. 1600ರ ಆಚೀಚೆಗೆ ಇಲ್ಲಿ ಹರಡಿತು. ಹನ್ನೆರಡನೆಯ ಶತಮಾನದ ಶರಣರು ಇದರ ಹೆಸರನ್ನೂ ಕೇಳಿದವರಲ್ಲ. ಹೊರಗಿನ ಈ ಅತಿಥಿಯು ಎಲೆಯಡಿಕೆಯ ತಟ್ಟೆಯನ್ನು ಮೆಲ್ಲನೆ ಸೇರಿ, ತಾಂಬೂಲದ ಮರ್ಯಾದೆಯನ್ನು ತಾನೂ ಪಡೆದುಕೊಂಡಿತು. ಹಿಂದಿನವರ ರೂಢಿಯೆಂದು ಅದನ್ನು ಸಮರ್ಥಿಸುವವರು ಇದನ್ನು ಮರೆಯಲಾಗದು.

ಎರಡು ಅಂಕಿಗಳನ್ನು ಇಲ್ಲಿ ಪರ್ಯಾಲೋಚಿಸುವುದು ಉಚಿತ. 2019ರ ಶಾಲಾ ಸಮೀಕ್ಷೆಯಂತೆ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಸೇವಿಸುವವರು ಭಾರತದಲ್ಲಿ ಶೇಕಡಾ 8.5; ಕರ್ನಾಟಕದಲ್ಲಿ ಶೇಕಡಾ 2ಕ್ಕೂ ಕಡಮೆ. ಸಂತೋಷದ ಮಾತೇ ಸರಿ. ಆದರೆ 2016-17ರಲ್ಲಿ ಇದೇ ರಾಜ್ಯದ 15 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಶೇಕಡಾ 22.8 ಮಂದಿ ಸೇವಿಸುತ್ತಿದ್ದರು. ಇವರಲ್ಲಿ ಹಿಂದಿನ ಕಾಲದಲ್ಲಿ ಕಲಿತ ವೃದ್ಧರೂ ಉಂಟು, ನಿಜ. ಆದರೂ ಶಾಲೆಯಲ್ಲಿ ಅಪರೂಪವಾದ ಚಟವು ಶಾಲೆ ಬಿಟ್ಟ ಮೇಲೆ ಬಂದು ಹಿಡಿಯುವುದೆಂದು ಊಹಿಸಲು ಅಡ್ಡಿಯಿಲ್ಲ.

ಆದಕಾರಣ ಎಚ್ಚರಿಕೆಯು ಎಳೆಯ ಮಕ್ಕಳ ವಿಷಯದಲ್ಲಿ ಮಾತ್ರ ಸಾಲದು. ವಿಜಯನಗರದಲ್ಲಿ ಸ್ಪರ್ಧಾ ಪರೀಕ್ಷೆಗಳಿಗೆ ಓದಲು ದೂರದ ಜಿಲ್ಲೆಗಳಿಂದ ಬಂದು ಕೊಠಡಿ ಹಿಡಿದಿರುವ ತರುಣರು, ಕೆಂಗೇರಿಯ ಕಡೆಯ ಇಂಜಿನಿಯರಿಂಗ್ ಕಾಲೇಜುಗಳವರು, ರಾಜಾಜಿನಗರದ ಕಾರ್ಖಾನೆಗಳಿಗೆ ಹೊಸದಾಗಿ ಸೇರಿದವರು, ಇವರೆಲ್ಲರೂ ತಾಯಿತಂದೆಗಳ ಕಣ್ಣಿಗೆ ದೂರವಾದವರು. ನಿದ್ರೆಯನ್ನು ತಡೆಯಲೆಂದು ಚಹದೊಡನೆ ಒಂದು ಸಿಗರೇಟು. ಗೆಳೆಯನ ದಾಕ್ಷಿಣ್ಯಕ್ಕೆ ಮತ್ತೊಂದು. ಹೊಗೆಯೊಳಗಿನ ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಇನ್ನೂ ಬೆಳೆಯುತ್ತಿರುವ ಮೆದುಳು ಅದಕ್ಕೆ ಬೇಗನೆ ವಶವಾಗುತ್ತದೆ. ಅದು ಇಳಿದೊಡನೆ ಚಡಪಡಿಕೆ. ಆ ಚಡಪಡಿಕೆಯ ಶಮನವನ್ನೇ ತರುಣನು ಏಕಾಗ್ರತೆಯೆಂದು ಭ್ರಮಿಸುತ್ತಾನೆ.

2003ರ ಕೇಂದ್ರ ಕಾನೂನು 18 ವರ್ಷದೊಳಗಿನವರಿಗೆ ಮಾರುವುದನ್ನು ನಿಷೇಧಿಸಿತ್ತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿಯು ಆ ವಯಸ್ಸನ್ನು 21ಕ್ಕೆ ಏರಿಸಿ, ವಿದ್ಯಾಸಂಸ್ಥೆಗಳ 100 ಮೀಟರಿನೊಳಗೆ ಮಾರಾಟವನ್ನೂ ಬಿಡಿ ಸಿಗರೇಟನ್ನೂ ತಡೆದು, ಹುಕ್ಕಾ ಬಾರುಗಳನ್ನು ಮುಚ್ಚಿಸಿತು. ಯೋಗ್ಯವಾದ ಕಾರ್ಯ. ಆದರೆ ಬೀಡಿ ತರಲು ಮಗನನ್ನೇ ಅಂಗಡಿಗೆ ಕಳುಹಿಸುವ ತಂದೆಯ ಮನೆಯೊಳಗೆ ಯಾವ ಕಾನೂನು ಪ್ರವೇಶಿಸೀತು?

ವಿದ್ಯಾರ್ಥಿನಿಲಯಗಳಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಹೊರಹಾಕುವ ಪದ್ಧತಿಯು ಚಟವನ್ನು ಬಿಡಿಸದು, ಅವನ ಓದನ್ನು ಮಾತ್ರ ಬಿಡಿಸುವುದು. ಅವನನ್ನು ಏಕಾಂತದಲ್ಲಿ ಕರೆದು ಮಾತನಾಡಿಸಿ, ಚಟ ಬಿಡಲು ನೆರವಾಗುವ ಉಚಿತ ದೂರವಾಣಿ 1800-11-2356ಕ್ಕೆ ಅಲ್ಲಿಯೇ ಕರೆ ಮಾಡಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯ ಒಂದು ಕೇಂದ್ರವಾಗಿದೆ.